ಮೈ ಬಂದದ್ದೋ, ನೀರು ನಿಂತದ್ದೋ

ಊಟ ಹೆಚ್ಚಾಗಿಲ್ಲ, ಓಡಾಟ ಕಡಿಮೆಯಾಗಿಲ್ಲ, ಆದರೂ ತೂಕ ಏರುತ್ತಲೇ ಇದ್ದರೆ ಅದನ್ನು ವೈದ್ಯರು ಕಾರಣ ತಿಳಿಯದ ತೂಕದ ಏರಿಕೆ ಎನ್ನುತ್ತಾರೆ. ಕಾರಣವೇ ಇಲ್ಲ ಎಂದಲ್ಲ, ಇನ್ನೂ ಯಾರೂ ಹುಡುಕಿಲ್ಲ ಎಂದಷ್ಟೇ ಅದರ ಅರ್ಥ. ಇದನ್ನು ಮೊದಲು ಪತ್ತೆ ಹಚ್ಚುವವರು ಸಾಮಾನ್ಯವಾಗಿ ವೈದ್ಯರಲ್ಲ. ರವಿಕೆಯ ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿಕೊಡುವ ದರ್ಜಿ, ಸೋಪು ಹಚ್ಚಿದರೂ ಹಳೆಯ ಅಳತೆಯ ಬಳೆ ಏರದಾಗ ಸುಮ್ಮನೆ ಮುಖ ನೋಡುವ ಬಳೆಗಾರ, ಬೆಲ್ಟಿನ ತುದಿಯಲ್ಲಿ ಇನ್ನೊಂದು ತೂತು ಹೊಡೆದುಕೊಡುವ ಚಪ್ಪಲಿ ರಿಪೇರಿಯವ, ಇವರಿಗೆಲ್ಲ ಸುದ್ದಿ ಮೊದಲು ಮುಟ್ಟಿರುತ್ತದೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಅದು ಆರು ತಿಂಗಳು ಹಳೆಯದು.

ಈ ಏರಿಕೆಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಬಡಕಲಾಗಿದ್ದವರು ಸುಧಾರಿಸಿಕೊಂಡರೆ ಮೈ ಬಂತು ಎನ್ನುತ್ತಾರೆ. ಸೊಂಟದ ಸುತ್ತ ಜೋತುಬಿದ್ದರೆ ಅದು ಬೊಜ್ಜು. ಕಾಲೋ ಮುಖವೋ ತುಂಬಿಕೊಂಡು, ಒತ್ತಿದರೆ ಗುಳಿ ಬಿದ್ದರೆ ಊತ. ಒಂದೇ ಕಡೆ ನೋವು ಬಿಸಿಯೊಂದಿಗೆ ಎದ್ದರೆ ಬಾವು. ಒಳಗೊಳಗೇ ಬೆಳೆದರೆ ಗಡ್ಡೆ. ಅಜ್ಜಿಯರ ಬಾಯಲ್ಲಿದ್ದ ಈ ವಿಂಗಡಣೆ ವೈದ್ಯವಿದ್ಯಾರ್ಥಿಗೂ ಮೊದಲ ಪಾಠ. ತೂಕದ ಯಂತ್ರಕ್ಕೆ ಮಾತ್ರ ಈ ಭೇದ ಗೊತ್ತಿಲ್ಲ. ಕೊಬ್ಬು, ನೀರು, ಮಾಂಸ, ಗಡ್ಡೆ, ಗರ್ಭ ಎಲ್ಲವೂ ಅದಕ್ಕೆ ಕಿಲೋಗ್ರಾಮೇ. ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪ ಮಿನುಗಿಸುತ್ತ ನಿಂತಿರುತ್ತಿದ್ದ ಹಳೆಯ ಯಂತ್ರ ನಾಣ್ಯ ನುಂಗಿ, ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ ಅಚ್ಚಾದ ಚೀಟಿ ಉಗುಳುತ್ತಿತ್ತು. ತೂಕದ ಬದಿ ಅಷ್ಟಿಷ್ಟು ನಂಬಿಕೆಗೆ ಅರ್ಹವಾಗಿತ್ತು. ಆದರೆ ಅಂಕಿಯನ್ನು ಕಂಡು ಭವಿಷ್ಯ ನುಡಿಯುವ ಚಾಳಿ ಯಂತ್ರದಿಂದ ಮನುಷ್ಯರಿಗೂ ಅಂಟಿಕೊಂಡಿದೆ.

ಹಾಗಾಗಿ ಎಷ್ಟು ಕಿಲೋ ಎಂಬುದಕ್ಕಿಂತ ಎಷ್ಟು ದಿನದಲ್ಲಿ ಎಂಬ ಪ್ರಶ್ನೆ ದೊಡ್ಡದು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಅಡಗಿರುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ಕೊಬ್ಬು ಕೂಡಬೇಕಾದರೆ ದಿನದ ಅಗತ್ಯವನ್ನೆಲ್ಲ ಕಳೆದು ಇನ್ನೂ 15,400 ಕಿಲೋಕ್ಯಾಲರಿ ಮಿಗಬೇಕು. ಒಂದು ಮಸಾಲೆ ದೋಸೆಗೆ 350 ಎಂದು ಹಿಡಿದರೂ ಮಾಮೂಲಿ ಊಟದ ಮೇಲೆ ನಲವತ್ತನಾಲ್ಕು ದೋಸೆ ಬೇಕಾಯಿತು. ಮದುವೆಮನೆಯಲ್ಲಿ ಪಂತ ಕಟ್ಟಿ ಹೋಳಿಗೆ ಬಾರಿಸುವವರಿಗೂ ಇದು ಆಗದ ಮಾತು. ನೀರಿನ ಲೆಕ್ಕ ಹಾಗಲ್ಲ. ಒಂದು ಲೀಟರ್ ಎಂದರೆ ಒಂದು ಕಿಲೋ. ದಿನಗಳ ಲೆಕ್ಕದಲ್ಲಿ ಏರಿದ ತೂಕ ನೀರು, ತಿಂಗಳುಗಳ ಲೆಕ್ಕದಲ್ಲಿ ಏರಿದ್ದು ಹೆಚ್ಚಾಗಿ ಕೊಬ್ಬು ಎಂಬ ಒರಟು ನಿಯಮ ಇಲ್ಲಿಂದ ಹುಟ್ಟಿದೆ. ಬೆಳಗ್ಗೆಗೂ ರಾತ್ರಿಗೂ ನಡುವೆ ಒಂದು ಕಿಲೋ ಆಚೀಚೆ ಆಗುವುದು, ಮುಟ್ಟಿನ ಮುಂಚಿನ ದಿನಗಳಲ್ಲಿ ಮೈ ಭಾರವಾಗುವುದು, ಉಪ್ಪಿನಕಾಯಿ ಹಪ್ಪಳ ಜೋರಾಗಿ ನಡೆದ ಮರುದಿನ ಮುಳ್ಳು ಸ್ವಲ್ಪ ಮೇಲೇರುವುದು, ಇವೆಲ್ಲ ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲ.

ನೀರು ನಿಂತಿದೆಯೇ ಎಂದು ನೋಡುವ ಉಪಕರಣ ಹೆಬ್ಬೆರಳು. ಕಣಕಾಲಿನ ಎಲುಬಿನ ಮೇಲೆ ಐದಾರು ಸೆಕೆಂಡು ಒತ್ತಿ ಹಿಡಿದು ಬಿಟ್ಟರೆ, ಆರೋಗ್ಯವಂತರ ಚರ್ಮ ಕೂಡಲೇ ಸಮವಾಗುತ್ತದೆ. ಊತ ಇರುವವರಲ್ಲಿ ಕಲಸಿದ ಹಿಟ್ಟಿಗೆ ಬೆರಳೊತ್ತಿದಂತೆ ಗುಳಿ ಉಳಿದು, ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಹೀಗೆ ಗುಳಿ ಕಾಣಬೇಕಾದರೆ ಒಳಗೆ ಎರಡು ಮೂರು ಲೀಟರ್ ನೀರು ಆಗಲೇ ಸೇರಿರುತ್ತದೆ. ಅಂದರೆ ಹೆಬ್ಬೆರಳಿಗಿಂತ ಮೊದಲು ತಕ್ಕಡಿಗೆ ಗೊತ್ತಾಗಿರುತ್ತದೆ. ಹೃದಯ ದುರ್ಬಲವಾಗಿ ರಕ್ತವನ್ನು ಸರಿಯಾಗಿ ತಳ್ಳಲಾರದಾದಾಗ ಮೂತ್ರಪಿಂಡಗಳು ದೇಹದಲ್ಲಿ ನೀರು ಸಾಲದು ಎಂದು ತಪ್ಪು ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಪಾದದ ಮೇಲೆ ಗೆರೆ ಮೂಡಿಸುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಒಂದು ದಿಂಬು ಎರಡಾಗುತ್ತದೆ, ಎರಡು ಮೂರಾಗುತ್ತದೆ. ಹೃದಯ ವೈಫಲ್ಯದ ರೋಗಿಗಳಿಗೆ ದಿನವೂ ತೂಕ ನೋಡಿಕೊಳ್ಳಲು ಹೇಳುವುದು ತೆಳ್ಳಗಾಗಲಿ ಎಂದಲ್ಲ. ಮೂರು ದಿನದಲ್ಲಿ ಎರಡು ಕಿಲೋ ದಾಟಿದರೆ ವೈದ್ಯರಿಗೆ ತಿಳಿಸಿ ಎಂಬ ಸೂಚನೆಯ ಹಿಂದಿರುವುದು ಮೇಲಿನ ದೋಸೆಯ ಲೆಕ್ಕವೇ.

ಮೂತ್ರಪಿಂಡದ ಊತದ ನಡೆ ಬೇರೆ. ಅದು ಬೆಳಗ್ಗೆ ಕಣ್ಣಿನ ಸುತ್ತ ಕಾಣಿಸಿಕೊಳ್ಳುತ್ತದೆ, ಹಗಲಾಗುತ್ತ ಕಾಲಿಗಿಳಿಯುತ್ತದೆ. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಸ್ಥಿತಿಯಲ್ಲಿ ದೊಡ್ಡವರಿಂದ ದಿನಕ್ಕೆ 3.5 ಗ್ರಾಮಿಗಿಂತ ಹೆಚ್ಚು ಪ್ರೋಟೀನು ಮೂತ್ರದಲ್ಲಿ ಹರಿದುಹೋಗುತ್ತದೆ, ಮೂತ್ರ ಸೋಪಿನ ನೀರಿನಂತೆ ನೊರೆಗಟ್ಟುತ್ತದೆ. ಯಕೃತ್ತು ಕೆಟ್ಟಾಗ ನೀರು ಹೊಟ್ಟೆಯಲ್ಲಿ ತುಂಬುತ್ತದೆ. ಅದಕ್ಕೆ ಹಳೆಯ ಹೆಸರು ಜಲೋದರ. ಐತರೇಯ ಬ್ರಾಹ್ಮಣದ ಕಥೆಯಲ್ಲಿ ಮಗನನ್ನು ಬಲಿ ಕೊಡುವುದಾಗಿ ಹೇಳಿ ಮುಂದೂಡುತ್ತಲೇ ಹೋದ ಹರಿಶ್ಚಂದ್ರನಿಗೆ ವರುಣ ಹೊಟ್ಟೆ ಊದುವ ಶಿಕ್ಷೆ ಕೊಡುತ್ತಾನೆ. ನೀರಿನ ದೇವತೆ ನೀರಿನಿಂದಲೇ ಹಿಡಿದ, ಎಲ್ಲೋ ಹುಡುಕಿಕೊಂಡು ಹೋಗಲಿಲ್ಲ. ಜಲೋದರದಲ್ಲಿ ತಕ್ಕಡಿ ಇನ್ನೊಂದು ಮೋಸ ಮಾಡುತ್ತದೆ. ಕೈಕಾಲು ಕಡ್ಡಿಯಾಗಿ ಮಾಂಸ ಕರಗುತ್ತಿರುತ್ತದೆ, ಹೊಟ್ಟೆಯಲ್ಲಿ ನೀರು ಕೂಡುತ್ತಿರುತ್ತದೆ, ಎರಡೂ ಸರಿತೂಗಿ ಅಂಕಿ ಹೆಚ್ಚು ಅಲುಗುವುದೇ ಇಲ್ಲ.

ನೀರಿನ ಮಾತು ಮುಗಿದ ಮೇಲೆ ಥೈರಾಯ್ಡ್. ಕರ್ನಾಟಕದ ಯಾವ ಊರಿನ ಯಾವ ಜಗಲಿಯಲ್ಲಿ ಕೂತರೂ, ದಪ್ಪಗಾದವರ ಬಗ್ಗೆ ಹೊರಡುವ ಮೊದಲ ತೀರ್ಪು "ಅವಳಿಗೆ ಥೈರಾಯ್ಡ್ ಇದೆಯಂತೆ" ಎಂಬುದು. ಥೈರಾಯ್ಡ್ ಎಲ್ಲರಿಗೂ ಇರುತ್ತದೆ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಂತೆ ರೆಕ್ಕೆ ಬಿಚ್ಚಿ ಕೂತಿರುವ, ಹದಿನೈದಿಪ್ಪತ್ತು ಗ್ರಾಮಿನ ಗ್ರಂಥಿ ಅದು. ಅದರಿಂದ ಬರುವ ಟಿ4, ಟಿ3 ಹಾರ್ಮೋನುಗಳು ದೇಹದ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸಿ ಕೆಲಸ ಮಾಡು ಎಂದು ಅದನ್ನು ಎಚ್ಚರಿಸುತ್ತಿರುತ್ತದೆ. ಥೈರಾಯ್ಡ್ ಸೋಮಾರಿಯಾದಷ್ಟೂ ಪಿಟ್ಯುಟರಿಯ ಕೂಗು ಜೋರಾಗುತ್ತದೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಹೆಚ್ಚಾದರೆ ಥೈರಾಯ್ಡ್ ಕಡಿಮೆ ಎಂಬ ತಲೆಕೆಳಗಾದ ಲೆಕ್ಕಕ್ಕೆ ಇದೇ ಕಾರಣ. "ರಿಪೋರ್ಟಿನಲ್ಲಿ ಜಾಸ್ತಿ ಬಂದಿದೆ, ಡಾಕ್ಟರು ಕಡಿಮೆ ಅಂತಾರೆ" ಎಂದು ಗೊಂದಲಕ್ಕೆ ಬೀಳದ ಮನೆ ಅಪರೂಪ.

ನಿಜವಾಗಿ ಥೈರಾಯ್ಡ್ ಕುಂದಿದವರನ್ನು ತೂಕಕ್ಕಿಂತ ಬೇರೆ ಗುರುತುಗಳಿಂದಲೇ ಹೆಚ್ಚು ಹಿಡಿಯಬಹುದು. ಎಲ್ಲರೂ ಫ್ಯಾನು ಹಾಕಿ ಎನ್ನುವಾಗ ಅವರು ಶಾಲು ಹೊದ್ದಿರುತ್ತಾರೆ. ಮಲಬದ್ಧತೆ, ಒಣ ಚರ್ಮ, ಉದುರುವ ಕೂದಲು, ಹುಬ್ಬಿನ ಹೊರತುದಿ ತೆಳುವಾಗುವುದು, ದನಿ ಒಡೆದು ದಪ್ಪವಾಗುವುದು, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ, ಫೋನಿನಲ್ಲಿ ಕೇಳಿದ್ದಕ್ಕೆ ಒಂದು ಕ್ಷಣ ತಡವಾಗಿ ಬರುವ ಉತ್ತರ. ಮುಖ ಊದಿದಂತೆ ಕಾಣುತ್ತದೆ, ಆದರೆ ಬೆರಳಿನಿಂದ ಒತ್ತಿದರೆ ಗುಳಿ ಬೀಳುವುದಿಲ್ಲ. ನೀರನ್ನು ಹೀರಿ ಹಿಡಿದುಕೊಳ್ಳುವ ಲೋಳೆಯಂಥ ವಸ್ತು ಚರ್ಮದಡಿ ಸೇರಿರುವುದರಿಂದ ಹಾಗೆ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ನಡುವಯಸ್ಸಿನ ಹೆಂಗಸರಲ್ಲಿ ಇದನ್ನು ಗುರುತಿಸಿ ಬರೆದ. ಕೆಲವೇ ವರ್ಷಗಳಲ್ಲಿ ವಿಲಿಯಂ ಆರ್ಡ್ ಇದಕ್ಕೆ ಲೋಳೆಯ ಊತ ಎಂಬರ್ಥದ ಮಿಕ್ಸಿಡೀಮಾ ಎಂಬ ಹೆಸರಿಟ್ಟ. 1891ರಲ್ಲಿ ಜಾರ್ಜ್ ಮರೆ ಎಂಬ ತರುಣ ವೈದ್ಯ ಕುರಿಯ ಥೈರಾಯ್ಡಿನ ರಸವನ್ನು 46ರ ಹೆಂಗಸೊಬ್ಬಳಿಗೆ ಚುಚ್ಚುಮದ್ದಾಗಿ ಕೊಟ್ಟ. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದಳು. ಅಷ್ಟರಲ್ಲಿ ಆಕೆಗಾಗಿ 870ಕ್ಕೂ ಹೆಚ್ಚು ಕುರಿಗಳ ಥೈರಾಯ್ಡ್ ಖರ್ಚಾಗಿತ್ತು. ಇಂದು ಅಷ್ಟೂ ಕೆಲಸ ಕಡಲೆಬೇಳೆಗಿಂತ ಚಿಕ್ಕ ಮಾತ್ರೆಯಿಂದ ನಡೆಯುತ್ತದೆ. ಥೈರಾಯ್ಡ್ ಕುಂದುವುದಕ್ಕೆ ದೇಹದ ರಕ್ಷಣಾ ವ್ಯವಸ್ಥೆಯೇ ಅದರ ಮೇಲೆ ತಿರುಗಿಬೀಳುವುದು ಬಹು ಸಾಮಾನ್ಯ ಕಾರಣ. 1912ರಲ್ಲಿ ಅದನ್ನು ವಿವರಿಸಿದ ಜಪಾನಿನ ಹಾಶಿಮೊಟೊ ಹೆಸರು ಈಗಲೂ ಲ್ಯಾಬಿನ ಚೀಟಿಗಳಲ್ಲಿ ಓಡಾಡುತ್ತಿದೆ.

ಇಷ್ಟೆಲ್ಲ ಆಪಾದನೆ ಹೊತ್ತ ಗ್ರಂಥಿ ಕೂಡಿಸುವ ತೂಕ ಎಷ್ಟು? ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ಉಪ್ಪು ನೀರು. ಇಪ್ಪತ್ತು ಕಿಲೋ ಏರಿಕೆಯನ್ನು ಪೂರ್ತಿ ಥೈರಾಯ್ಡಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಟಿಎಸ್‌ಎಚ್ ತುಸು ಮಾತ್ರ ಹೆಚ್ಚಿದ್ದು ಟಿ4 ಸರಿಯಿದ್ದರೆ ಮಾತ್ರೆ ನುಂಗಿದರೂ ತೂಕ ಇಳಿಯುವುದು ಕಡಿಮೆ. ಬೊಜ್ಜು ಬಂದದ್ದರಿಂದಲೇ ಟಿಎಸ್‌ಎಚ್ ತುಸು ಏರಿ, ತೂಕ ಇಳಿದ ಮೇಲೆ ತಾನಾಗಿ ಸರಿಹೋಗುವುದೂ ಉಂಟು. ಆಗ ಆರೋಪಿಯೇ ಸಂತ್ರಸ್ತ. ಮಾತ್ರೆ ನಿಜಕ್ಕೂ ಬೇಕಾದವರಲ್ಲಿ ಅದು ಕೆಲಸ ಮಾಡದಿರಲು ಕನ್ನಡನಾಡಿನಲ್ಲಿ ಒಂದು ಖಾಸಾ ಕಾರಣವಿದೆ, ಅದು ಬೆಳಗಿನ ಕಾಫಿ. ಲೆವೊಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಡಿಕಾಕ್ಷನ್ ಇಳಿಯುವ ಪರಿಮಳ ಮನೆ ತುಂಬುತ್ತಿರುವಾಗ ಕಾಯುವುದು ಸುಲಭವಲ್ಲ. ಮಾತ್ರೆಯನ್ನು ಕಾಫಿಯ ಗುಟುಕಿನಲ್ಲೇ ಇಳಿಸಿದರೆ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಡೋಸು ಬದಲಿಸಿದ ಆರರಿಂದ ಎಂಟು ವಾರಗಳ ನಂತರವೇ ಮರುಪರೀಕ್ಷೆಗೆ ಅರ್ಥ.

ಥೈರಾಯ್ಡಿನ ಪರೀಕ್ಷೆಗೆ ಓಡುವ ಮೊದಲು ನೋಡಬೇಕಾದ ಜಾಗ ಮನೆಯಲ್ಲೇ ಇದೆ. ಫ್ರಿಜ್ಜಿನ ಮೇಲೋ ದೇವರ ಗೂಡಿನ ಪಕ್ಕದಲ್ಲೋ ನೇತಾಡುವ ಮಾತ್ರೆಯ ಚೀಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುಮಾಡಿದವರಿಗೆ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ನುಂಗುವವರಿಗೆ ಕೆಲವು ಕಿಲೋ ಏರುವುದು ಸಾಮಾನ್ಯ. ಅಲ್ಲಿಯವರೆಗೆ ಮೂತ್ರದಲ್ಲಿ ಪೋಲಾಗುತ್ತಿದ್ದ ಸಕ್ಕರೆ ಈಗ ಮೈಗೆ ಹತ್ತುತ್ತದೆ. ಪಯೋಗ್ಲಿಟಜೋನ್ ನೀರನ್ನೂ ಹಿಡಿದಿಡುತ್ತದೆ. ರಕ್ತದೊತ್ತಡದ ಅಮ್ಲೋಡಿಪಿನ್ ಮೈ ತುಂಬ ನೀರು ಕೂಡಿಸದಿದ್ದರೂ ಕಾಲಿನ ಹರಡನ್ನು ಊದಿಸುತ್ತದೆ. ಹೃದಯ ಕೆಟ್ಟಿತೆಂದು ಹೆದರಿ ಬಂದವರ ಕಾಲೂತ ಮಾತ್ರೆ ಬದಲಿಸಿದ ಮೇಲೆ ಇಳಿದುಹೋಗುವುದುಂಟು. ಮೈಗ್ರೇನಿಗೆ, ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್, ನರನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಪಸ್ಮಾರಕ್ಕೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಇವೂ ಇದೇ ಸಾಲಿನವು. ಮಕ್ಕಳಿಗೆ ಹಸಿವಾಗಲಿ ಎಂದು ಕೊಡಿಸುವ ಎಷ್ಟೋ ಟಾನಿಕ್ಕುಗಳಲ್ಲಿರುವುದು ಸಿಪ್ರೊಹೆಪ್ಟಡಿನ್ ಎಂಬ ಅಲರ್ಜಿ ಔಷಧ. ಹಸಿವು ಅದರ ಅಡ್ಡಪರಿಣಾಮ. ಅಡ್ಡಪರಿಣಾಮವನ್ನೇ ಮಾರಾಟಕ್ಕಿಟ್ಟ ಜಾಣತನ ಅದು.

ಮನೋರೋಗದ ಔಷಧಗಳ ವಿಷಯ ಹೆಚ್ಚು ನಾಜೂಕು. ಒಲಾಂಜಪಿನ್, ಕ್ಲೋಜಪಿನ್, ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್, ಲಿಥಿಯಂ ಇವುಗಳಿಂದ ತೂಕ ಏರುತ್ತದೆ, ಕೆಲವರಿಗೆ ಮೊದಲ ಕೆಲವೇ ತಿಂಗಳಲ್ಲಿ ಹತ್ತು ಕಿಲೋವರೆಗೂ. ರಾತ್ರಿ ಎದ್ದು ಅನ್ನದ ಪಾತ್ರೆ ತಡಕುವಷ್ಟು ಹಸಿವು ಹುಟ್ಟುತ್ತದೆ, ಹೊಟ್ಟೆ ತುಂಬಿತೆಂಬ ಸಂದೇಶ ಮೆದುಳಿಗೆ ಮುಟ್ಟುವುದಿಲ್ಲ. ಮನೆಯವರ ಕಣ್ಣಿಗೆ ಇದು ಹೊಟ್ಟೆಬಾಕತನ. ಬೈಸಿಕೊಂಡ ರೋಗಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾನೆ, ಹಳೆಯ ಕಾಯಿಲೆ ಮರುಕಳಿಸುತ್ತದೆ. ಆದ್ದರಿಂದ ಮಾತ್ರೆ ಶುರುಮಾಡುವ ದಿನವೇ ತೂಕ, ಸೊಂಟದ ಸುತ್ತಳತೆ, ಸಕ್ಕರೆ ಬರೆದಿಟ್ಟುಕೊಂಡು, ಮುಂದೆ ಏರಿದರೆ ಅದೇ ಗುಣದ ಬೇರೆ ಔಷಧಕ್ಕೆ ಬದಲಿಸುವ ದಾರಿ ಇದೆ. ದಾರಿ ಇದ್ದರೂ ಬಹಳ ಕಡೆ ಮೊದಲ ದಿನದ ತೂಕವನ್ನೇ ಯಾರೂ ಬರೆದಿಟ್ಟಿರುವುದಿಲ್ಲ.

ಈ ಪಟ್ಟಿಯ ದೊಡ್ಡ ಯಜಮಾನ ಸ್ಟೀರಾಯ್ಡ್. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್, ಕೀಲುವಾತದಿಂದ ಅಲುಗಲಾರದೆ ಮಲಗಿದ್ದ ಹೆಂಗಸಿಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟ. ಕೆಲವೇ ದಿನಗಳಲ್ಲಿ ಆಕೆ ನಡೆದಾಡಿದಳು. 1950ರಲ್ಲಿ ಅವನಿಗೂ ಎಡ್ವರ್ಡ್ ಕೆಂಡಲ್, ಟೇಡಿಯುಸ್ ರೈಖ್‌ಸ್ಟೈನ್ ಅವರಿಗೂ ನೊಬೆಲ್ ಬಂತು. 1914ರಲ್ಲಿ ಥೈರಾಕ್ಸಿನ್ನನ್ನು ಬೇರ್ಪಡಿಸಿದವನೂ ಇದೇ ಕೆಂಡಲ್. ಪವಾಡದ ಬೆನ್ನಿಗೇ ಅದರ ಬೆಲೆಯೂ ತಿಳಿಯಿತು. ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗಾಗುತ್ತದೆ, ಕತ್ತಿನ ಹಿಂದೆ ಗುಬುಟು ಏಳುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಕೈಕಾಲು ಮಾತ್ರ ಸಣ್ಣಗಾಗುತ್ತವೆ. ದಮ್ಮು, ಚರ್ಮರೋಗ, ಮೂತ್ರಪಿಂಡದ ಕಾಯಿಲೆಗಳಿಗೆ ಪ್ರೆಡ್ನಿಸೋಲೋನ್ ಬೇಕೇ ಬೇಕಾದ ಔಷಧ, ಅದರ ಜೊತೆಗೆ ಬರುವ ತೂಕವನ್ನು ವೈದ್ಯರೇ ಮುಂಚಿತವಾಗಿ ಹೇಳಿರುತ್ತಾರೆ. ಕಷ್ಟ ಇರುವುದು ಹೆಸರಿಲ್ಲದ ಪೊಟ್ಟಣದಲ್ಲಿ. ಕಾಗದದಲ್ಲಿ ಕಟ್ಟಿಕೊಡುವ ಬೂದುಬಣ್ಣದ ಪುಡಿ, ಜೇನಿನಲ್ಲಿ ಕಲಸಿ ನೆಕ್ಕಬೇಕು, ಎರಡೇ ದಿನದಲ್ಲಿ ಮಂಡಿನೋವು ಮಾಯ, ಹಸಿವು ಚೆನ್ನಾಗಿ ಆಗುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ತಿಂದವರು ಅದನ್ನು ಔಷಧವೆಂದೇ ಎಣಿಸುವುದಿಲ್ಲ. "ಇಂಗ್ಲಿಷ್ ಮಾತ್ರೆ ಏನೂ ತಗೊಳ್ಳೋದಿಲ್ಲ ಸಾರ್" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಬೆಳ್ಳಗಾಗಲೆಂದು ವರ್ಷಗಟ್ಟಲೆ ಮೆತ್ತುವ ಕೆಲವು ಮುಲಾಮುಗಳಲ್ಲೂ ಸ್ಟೀರಾಯ್ಡ್ ಇರುತ್ತದೆ. ತಿಳಿದ ಮೇಲೆ ಒಮ್ಮೆಗೇ ನಿಲ್ಲಿಸುವುದು ಇನ್ನೊಂದು ಅಪಾಯ. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದುದರಿಂದ ತಾನೇ ಸ್ಟೀರಾಯ್ಡ್ ತಯಾರಿಸುವ ದೇಹದ ಅಡ್ರಿನಲ್ ಗ್ರಂಥಿ ನಿದ್ದೆ ಹೋಗಿರುತ್ತದೆ, ಅದು ಏಳುವವರೆಗೆ ಡೋಸನ್ನು ವೈದ್ಯರ ಕಣ್ಣಳತೆಯಲ್ಲೇ ಹಂತಹಂತವಾಗಿ ಇಳಿಸಬೇಕು.

ಪುಡಿಯನ್ನೂ ತಿಂದಿಲ್ಲ, ಮಾತ್ರೆಯನ್ನೂ ನುಂಗಿಲ್ಲ, ಆದರೂ ಅದೇ ಚಂದ್ರಮುಖ ಎಂದರೆ ದೇಹವೇ ತನ್ನ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲನ್ನು ಅತಿಯಾಗಿ ತಯಾರಿಸುತ್ತಿರಬಹುದು. ಇದು ಕುಶಿಂಗ್ ಸಿಂಡ್ರೋಮ್. ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ 1912ರಲ್ಲಿ 23ರ ಹೆಣ್ಣುಮಗಳೊಬ್ಬಳಲ್ಲಿ ಇದನ್ನು ಕಂಡು ಬರೆದ. ಪಿಟ್ಯುಟರಿಯ ಸಣ್ಣ ಗಡ್ಡೆ ಇದಕ್ಕೆ ಕಾರಣವಾಗುವುದನ್ನು 1932ರಲ್ಲಿ ವಿವರಿಸಿದ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಕೆಲವರಿಗಷ್ಟೇ ಬರುವ ಅಪರೂಪದ ಕಾಯಿಲೆಯಾದರೂ ಇದರ ಗುರುತುಗಳನ್ನು ಬಲ್ಲವರಿಗೆ ಬಾಗಿಲಲ್ಲೇ ಕಾಣುತ್ತದೆ. ಹೊಟ್ಟೆ ತೊಡೆಗಳ ಮೇಲೆ ಒಂದು ಸೆಂಟಿಮೀಟರಿಗಿಂತ ಅಗಲವಾದ ನೇರಳೆ ಗೆರೆಗಳು, ತಾಗಿದರೆ ಸಾಕು ಕಂದುವ ಚರ್ಮ, ಚಕ್ಕಳಮಕ್ಕಳ ಹಾಕಿ ಕೂತವರು ಕೈ ಊರದೆ ಏಳಲಾಗದ ನಿಶ್ಶಕ್ತಿ. ಬರೀ ಬೊಜ್ಜಿನಲ್ಲಿ ತೊಡೆಯ ಬಲ ಹೀಗೆ ಕುಂದುವುದಿಲ್ಲ, ಗೆರೆಗಳು ಬಿಳಿಚಿಕೊಂಡಿರುತ್ತವೆ. ಬದಲಾವಣೆ ಎಷ್ಟು ನಿಧಾನವೆಂದರೆ ದಿನವೂ ನೋಡುವ ಮನೆಯವರಿಗೆ ತಿಳಿಯುವುದಿಲ್ಲ. ಹಾರ್ಮೋನು ತಜ್ಞರು ಹಳೆಯ ಫೋಟೋ ಕೇಳುವುದು ಅದಕ್ಕೇ. ನಮ್ಮಲ್ಲಿ ಆಧಾರ್ ಕಾರ್ಡು ಈ ಕೆಲಸಕ್ಕೂ ಒದಗುತ್ತದೆ. ಆ ಚಿತ್ರದಲ್ಲಿ ಯಾರೂ ಚೆನ್ನಾಗಿ ಕಾಣುವುದಿಲ್ಲ ನಿಜ, ಆದರೆ ದವಡೆಯ ಗೆರೆ ಐದು ವರ್ಷದ ಹಿಂದೆ ಎಲ್ಲಿತ್ತು ಎಂಬುದಕ್ಕೆ ಸಾಕ್ಷಿ ಸಾಕು. ಖಚಿತಪಡಿಸಲು ರಾತ್ರಿ ಹನ್ನೊಂದಕ್ಕೆ ಒಂದು ಮಿಲಿಗ್ರಾಮ್ ಡೆಕ್ಸಾಮೆಥಸೋನ್ ನುಂಗಿಸಿ ಬೆಳಗ್ಗೆ ಎಂಟಕ್ಕೆ ರಕ್ತದ ಕಾರ್ಟಿಸಾಲ್ ನೋಡುತ್ತಾರೆ. ಸರಿಯಿದ್ದವರಲ್ಲಿ ಅದು ಇಳಿದಿರುತ್ತದೆ, ಕುಶಿಂಗ್‌ನಲ್ಲಿ ಇಳಿಯದೆ ನಿಂತಿರುತ್ತದೆ.

ಹದಿಹರೆಯದಿಂದ ನಲವತ್ತರ ತನಕದ ಹೆಣ್ಣುಮಕ್ಕಳಲ್ಲಿ ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯವಾದದ್ದು ಪಿಸಿಓಎಸ್, ಬಾಯಿಮಾತಿನಲ್ಲಿ ಪಿಸಿಓಡಿ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಏಳು ಮಂದಿ ಹೆಂಗಸರ ವಿವರ ಬರೆದಾಗ ಇದು ಅಂಡಾಶಯದ ಕಾಯಿಲೆಯೆನಿಸಿತ್ತು. ಬಹಳಷ್ಟು ಪಾಲು ಇನ್ಸುಲಿನ್ನಿನದೂ ಹೌದು ಎಂಬುದು ಆಮೇಲೆ ತಿಳಿಯಿತು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಗಲ್ಲದ ಮೇಲೆ ಕೂದಲು, ಮೊಡವೆ, ಸೊಂಟದ ಸುತ್ತ ತೂಕ. ಇವುಗಳ ಜೊತೆ ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಪಟ್ಟಿ. ಅದು ಕೊಳೆಯೆಂದು ಎಷ್ಟು ಹುಡುಗಿಯರು ಕಡಲೆಹಿಟ್ಟು, ನಿಂಬೆಹೋಳು, ತೆಂಗಿನ ನಾರು ಹಿಡಿದು ಕತ್ತು ಕೆಂಪಾಗುವವರೆಗೆ ತಿಕ್ಕಿಕೊಂಡಿಲ್ಲ! ಇನ್ಸುಲಿನ್‌ಗೆ ದೇಹ ಓಗೊಡದಾದಾಗ ಅದು ರಕ್ತದಲ್ಲಿ ಹೆಚ್ಚಾಗಿ, ಚರ್ಮದ ಕೋಶಗಳನ್ನು ಬೆಳೆಸಿದ್ದರ ಗುರುತು ಅದು. ತಿಕ್ಕಿದರೆ ಹೋಗದು, ತೂಕ ಇಳಿದರೆ ಮಾಸುತ್ತದೆ. ಇಲ್ಲಿ ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಗಂಟಿದೆ. ಇನ್ಸುಲಿನ್ನಿನ ತೊಡಕು ತೂಕ ಏರಿಸುತ್ತದೆ, ಏರಿದ ತೂಕ ತೊಡಕನ್ನು ಬಿಗಿಮಾಡುತ್ತದೆ. ಗಂಟು ಸಡಿಲವಾಗಲು ಬಹಳವೇನೂ ಬೇಕಿಲ್ಲ. ಇದ್ದ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೂ ಎಷ್ಟೋ ಜನರ ಮುಟ್ಟು ಕ್ರಮಕ್ಕೆ ಬರುತ್ತದೆ.

ಹೊಟ್ಟೆ ಮಾತ್ರ ದೊಡ್ಡದಾಗುತ್ತ ಬಂದರೆ ಒಳಗೆ ಏನು ಬೆಳೆಯುತ್ತಿದೆ ಎಂದು ನೋಡಬೇಕು. ಗರ್ಭ ಮೊದಲ ಪ್ರಶ್ನೆ, ಮುಟ್ಟು ನಿಲ್ಲುವ ವಯಸ್ಸಿನವರಲ್ಲೂ. ಅಂಡಾಶಯದ ಗಡ್ಡೆಗಳು ಸದ್ದಿಲ್ಲದೆ ಬೆಳೆಯಬಲ್ಲವು. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಗೆ ಅವಳಿ ಮಕ್ಕಳೆಂದೇ ಎಲ್ಲರೂ ನಂಬಿದ್ದರು. ಗರ್ಭವಲ್ಲ, ಗಡ್ಡೆ ಎಂದವನು ಎಫ್ರೇಮ್ ಮೆಕ್‌ಡವೆಲ್. ಆಕೆ ಸುಮಾರು 60 ಮೈಲಿ ಕುದುರೆಯ ಮೇಲೆ ಅವನ ಊರಿಗೆ ಬಂದಳು. ಅರಿವಳಿಕೆ ಇನ್ನೂ ಹುಟ್ಟದ ಕಾಲದಲ್ಲಿ ಅವನು ಹೊಟ್ಟೆ ಸೀಳಿ 22.5 ಪೌಂಡು, ಅಂದರೆ ಹತ್ತು ಕಿಲೋಗೂ ಹೆಚ್ಚು ತೂಕದ ಗಡ್ಡೆ ತೆಗೆದ. ಐದೇ ದಿನಕ್ಕೆ ಆಕೆ ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳಂತೆ. ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದಳು. ಇಂದು ಆ ಸಂಶಯ ಅಲ್ಟ್ರಾಸೌಂಡಿನ ತಣ್ಣನೆಯ ಜೆಲ್ಲಿನ ಕೆಳಗೆ ಹತ್ತು ನಿಮಿಷದಲ್ಲಿ ಬಗೆಹರಿಯುತ್ತದೆ.

ಹಸಿವಿನ ಬೀಗದ ಕೈ ಮೆದುಳಿನ ಹೈಪೋಥಲಮಸ್‌ನಲ್ಲಿದೆ. ಅಲ್ಲಿ ಗಡ್ಡೆಯೋ ಪೆಟ್ಟೋ ಆದರೆ ತಡೆಯಿಲ್ಲದ ಹಸಿವು ಶುರುವಾಗಬಹುದು. ಕೊಬ್ಬಿನ ಕೋಶಗಳೇ ಸಾಕು ಎಂದು ಮೆದುಳಿಗೆ ಸಂದೇಶ ಕಳಿಸುತ್ತವೆ ಎಂಬುದು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಆ ಸಂದೇಶ ಒಯ್ಯುವ ಲೆಪ್ಟಿನ್ ಹಾರ್ಮೋನಿನ ಜೀನನ್ನು ಕಂಡುಹಿಡಿದಾಗ ಖಚಿತವಾಯಿತು. ಮೂರು ವರ್ಷದ ನಂತರ ಇಂಗ್ಲೆಂಡಿನಲ್ಲಿ, ಪಾಕಿಸ್ತಾನದ ಮೂಲದ ಕುಟುಂಬದ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂಬುದು ಪತ್ತೆಯಾಯಿತು. ಎಂಟು ವರ್ಷದ ಹುಡುಗಿ 86 ಕಿಲೋ ಇದ್ದಳು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಮೇಲೆ ಹಸಿವು ಇಳಿಯಿತು, ತೂಕವೂ ಇಳಿಯಿತು. ತಾಯಿತಂದೆ ತಿನ್ನಿಸಿ ಕೆಡಿಸಿದರು ಎಂಬ ನೆರೆಹೊರೆಯ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಹುಟ್ಟಿನಿಂದಲೇ ಬರುವ ಇಂಥ ಕಾರಣಗಳು ತೀರ ವಿರಳ. ಚಿಕ್ಕ ಮಗು ದಪ್ಪಗಾಗುತ್ತಲೇ ಇದ್ದು ಎತ್ತರ ಮಾತ್ರ ಬೆಳೆಯದಿದ್ದರೆ ಹಾರ್ಮೋನಿನ ಕಡೆ ನೋಡಬೇಕು. ಬರೀ ಹೆಚ್ಚು ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವೇ ಇರುತ್ತದೆ.

ನಿದ್ದೆಗೆಟ್ಟವರ ಹಸಿವೂ ಕೆಡುತ್ತದೆ. ಬೆಂಗಳೂರಿನ ರಾತ್ರಿಪಾಳಿಯ ಕಚೇರಿಗಳ ಎದುರು ಬೆಳಗಿನ ಜಾವ ಮೂರಕ್ಕೂ ಬಿಸಿಯಾಗಿರುವ ಗಾಡಿಗಳು ಇದರ ಸಾಕ್ಷಿ. ದೊಡ್ಡದಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತು, ಹಗಲೆಲ್ಲ ತೂಕಡಿಸುವುದು ಸ್ಲೀಪ್ ಆಪ್ನಿಯಾ. ಬೊಜ್ಜು ಅದನ್ನು ತರುತ್ತದೆ, ಅದು ಬೊಜ್ಜಿಗೆ ಇನ್ನಷ್ಟು ಇಂಬು ಕೊಡುತ್ತದೆ. ಡಿಕನ್ಸ್ ತನ್ನ ಪಿಕ್‌ವಿಕ್ ಕಾದಂಬರಿಯಲ್ಲಿ ನಿಂತಲ್ಲೇ ನಿದ್ದೆ ಹೋಗುವ ದಢೂತಿ ಹುಡುಗನನ್ನು ಚಿತ್ರಿಸಿದ್ದರಿಂದ 1956ರಲ್ಲಿ ವೈದ್ಯರು ಇಂಥದೇ ಒಂದು ಸ್ಥಿತಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ಬೀಡಿ ಸಿಗರೇಟು ಬಿಟ್ಟವರಿಗೆ ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ. ಮತ್ತೆ ಹಚ್ಚಲು ಅದು ನೆವವಾಗಬಾರದು. ಮುಟ್ಟು ನಿಂತ ಮೇಲೆ ಕೊಬ್ಬು ತೊಡೆಯಿಂದ ಹೊಟ್ಟೆಗೆ ಮನೆ ಬದಲಿಸುತ್ತದೆ. ಖಿನ್ನತೆಯಲ್ಲಿ ಕೆಲವರು ಊಟ ಬಿಡುತ್ತಾರೆ, ಕೆಲವರು ಊಟಕ್ಕೇ ಅಂಟಿಕೊಳ್ಳುತ್ತಾರೆ.

ತೂಕ ಏರಿದೆ ಎನ್ನಲು ಗೆರೆ ಎಲ್ಲಿ ಎಂಬುದೂ ಭಾರತೀಯರ ಮಟ್ಟಿಗೆ ಬೇರೆ. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಒಂದು ಚಿತ್ರ 2004ರಲ್ಲಿ ಪ್ರಕಟವಾಯಿತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ: 22.3. ದೇಹದಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2. ತೆಳ್ಳಗೆ ಕಾಣುವ ದಪ್ಪ ಜನ ನಾವು. ಬೊಜ್ಜಿನ ಗೆರೆಯನ್ನು ಇಲ್ಲಿ 30ರ ಬದಲು 25ಕ್ಕೆ ಎಳೆಯುವುದೂ, ಸೊಂಟದ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿಗೆ ಇಳಿಸಿರುವುದೂ ಇದಕ್ಕೇ. ಇದರ ಬೇರು ಗರ್ಭದಲ್ಲೇ ಇರಬಹುದೆಂಬ ವಾದಕ್ಕೆ ಮೈಸೂರಿನ ಕೊಡುಗೆ ದೊಡ್ಡದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರುಗಳಲ್ಲಿ ಬರೆದಿಟ್ಟು ಜೋಪಾನ ಮಾಡಿದ್ದರು. ದಶಕಗಳ ನಂತರ ಸಂಶೋಧಕರು ಆ ಮಕ್ಕಳನ್ನು, ಅಷ್ಟರಲ್ಲಿ ತಲೆ ನರೆತವರನ್ನು, ಬೀದಿ ಬೀದಿ ಹುಡುಕಿ ಪರೀಕ್ಷಿಸಿದಾಗ ಹುಟ್ಟುವಾಗ ಸಣಕಲಾಗಿದ್ದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು.

ಆಸ್ಪತ್ರೆಗೆ ಹೋಗುವಾಗ ಒಯ್ಯಬೇಕಾದದ್ದು ಮಾತ್ರೆಯ ಚೀಲ ಪೂರ್ತಿ, ಪುಡಿ ಪೊಟ್ಟಣ ಮುಲಾಮು ಸಮೇತ, ಜೊತೆಗೆ ಹಳೆಯ ಫೋಟೋ, ಮತ್ತು ಎರಡು ವಾರ ಬೆಳಗ್ಗೆ ಶೌಚವಾದ ಮೇಲೆ, ಕಾಫಿಗೆ ಮೊದಲು, ಒಂದೇ ಯಂತ್ರದಲ್ಲಿ ನೋಡಿ ಬರೆದ ತೂಕ. ಕಾಲು, ಕತ್ತು, ಹೊಟ್ಟೆ ಮುಟ್ಟಿ ನೋಡಿ ರಕ್ತದೊತ್ತಡ ಅಳೆದ ಮೇಲೆ ಟಿಎಸ್‌ಎಚ್, ಸಕ್ಕರೆ, ಕ್ರಿಯೇಟಿನಿನ್, ಯಕೃತ್ತಿನ ಪರೀಕ್ಷೆ, ಮೂತ್ರದ ಪ್ರೋಟೀನು, ಬೇಕಿದ್ದವರಿಗೆ ಗರ್ಭಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನ್ ಇಷ್ಟರಲ್ಲಿ ಬಹುತೇಕ ಕಾರಣಗಳು ಬಯಲಾಗುತ್ತವೆ. ಕಾರ್ಟಿಸಾಲ್ ಪರೀಕ್ಷೆ ಗುರುತುಗಳು ಇದ್ದವರಿಗೆ ಮಾತ್ರ. ತಿಂಗಳುಗಟ್ಟಲೆ ಏರಿದ ತೂಕಕ್ಕೆ ಇನ್ನೊಂದು ವಾರ ಕಾದರೆ ನಷ್ಟವಿಲ್ಲ. ಕೆಲವನ್ನು ಮಾತ್ರ ಅದೇ ದಿನ ನೋಡಬೇಕು: ಎರಡು ಮೂರು ದಿನದಲ್ಲಿ ತೂಕ ಏರಿ ಮಲಗಲಾಗದಷ್ಟು ಏದುಸಿರು, ಮುಖ ಊದಿ ಮೂತ್ರ ಕಡಿಮೆಯಾಗುವುದು, ಗರ್ಭಿಣಿಯ ಕೈಮುಖ ಇದ್ದಕ್ಕಿದ್ದಂತೆ ಊದಿ ತಲೆನೋವು ಕಣ್ಣುಮಂಜು, ಮತ್ತು ಒಂದೇ ಕಾಲು ಊದಿ ಮೀನಖಂಡ ನೋಯುವುದು.